ಸ್ಕಾಟ್ಲೆಂಡ್ ಸರ್ಕಾರ 'ಲೋಕಲ್ ಜಾಬ್' ಅಂತ ಹೇಳಿ ಕೊಡೋ ದುಡ್ಡಿಗೆ ಲೆಕ್ಕ ಕೇಳೋರು ಯಾರು? ನಮ್ಮಂಥವರು ಕೇಳ್ಬೋದಾ?

ಕೇಳ್ಬೋದು, ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದು ಇದಕ್ಕೆ ಸಂಬಂಧನೇ ಇಲ್ಲ. ನೀವು ಗ್ಲಾಸ್ಗೋಗೆ ಬಂದು ಎರಡು ವರ್ಷ ಆಯ್ತು, ನ್ಯೂಸ್ ಹಾಕಿದ್ರೆ ಆ ಶಿಪ್‌ಯಾರ್ಡಿಗೆ ಇಷ್ಟು ಮಿಲಿಯನ್ ಈ ಫ್ಯಾಕ್ಟರಿಗೆ ಅಷ್ಟು ಮಿಲಿಯನ್, ಎಲ್ಲದಕ್ಕೂ ಇಲ್ಲಿನ ಜನಕ್ಕೆ ಕೆಲಸ ಸಿಗತ್ತೆ ಅನ್ನೋದೇ ಕಾರಣ, ಆಮೇಲೆ ಆ ಕೆಲಸ ಎಲ್ಲಿ ಹೋಯ್ತು ಅಂತ ಯಾರೂ ಹೇಳಲ್ಲ, ನಮ್ಮ ಮನೆ ಹತ್ರದ ಫ್ಯಾಕ್ಟರಿಗೂ ಗ್ರಾಂಟ್ ಬಂದಿದೆ, ಹೊರಗಿಂದ ಬಂದ ನಾನು ಕೇಳಿದ್ರೆ ಸರಿ ಇರತ್ತಾ ಅಂತ ಬರ್ದಿದೀರಿ. ಮೊದಲು ನಿಮ್ಮ ಪೇಸ್ಲಿಪ್ ತೆಗೆದು ನೋಡಿ. ಟ್ಯಾಕ್ಸ್ ಕೋಡ್ 'ಎಸ್' ಅಕ್ಷರದಿಂದ ಶುರು ಆಗಿರತ್ತೆ. ಅಂದ್ರೆ ನೀವು ಸ್ಕಾಟ್ಲೆಂಡ್ ತೆರಿಗೆದಾರರು. 2017ರಿಂದ ಇಲ್ಲಿ ಸಂಬಳದ ಮೇಲಿನ ಇನ್‌ಕಮ್ ಟ್ಯಾಕ್ಸ್ ರೇಟ್ ತೀರ್ಮಾನ ಮಾಡೋದು ಎಡಿನ್‌ಬರಾದ ಪಾರ್ಲಿಮೆಂಟು, ಬಜೆಟ್ಟಿನ ಉಳಿದ ದೊಡ್ಡ ಪಾಲು ಲಂಡನ್ನಿಂದ ಬ್ಲಾಕ್ ಗ್ರಾಂಟ್ ಅಂತ ಒಟ್ಟು ಮೊತ್ತವಾಗಿ ಬರತ್ತೆ, ಅದೂ ಎಲ್ಲಾರ ತೆರಿಗೆ ದುಡ್ಡೇ. ನಿಮ್ಮ ದುಡ್ಡಿಗೆ ನೀವು ಲೆಕ್ಕ ಕೇಳ್ತಿದೀರಿ, ಅದರಲ್ಲಿ ಸಂಕೋಚ ಯಾಕೆ.

ನಾನು ಇಲ್ಲಿ ಪಶ್ಚಿಮ ಕರಾವಳಿಯ ಒಂದು ಸಣ್ಣ ಊರಲ್ಲಿ ಹನ್ನೊಂದು ವರ್ಷದಿಂದ ಇದೀನಿ, ಕೆಲಸ ಅಕೌಂಟ್ಸ್, ಹಾಗಾಗಿ ಈ ವಿಷಯ ಬಂದ್ರೆ ಸ್ವಲ್ಪ ಜಾಸ್ತಿನೇ ಮಾತಾಡ್ತೀನಿ, ಓದ್ಕೊಳ್ಳಿ.

ಲೆಕ್ಕ ಕೇಳೋಕೆ ಅಂತಾನೇ ಇಲ್ಲಿ ವ್ಯವಸ್ಥೆ ಇದೆ, ಇಲ್ಲ ಅಂತಲ್ಲ. ನಮ್ಮಲ್ಲಿ ಸಿಎಜಿ ಇರೋ ಹಾಗೆ ಇಲ್ಲಿ ಆಡಿಟರ್ ಜನರಲ್, ಅವರ ಕೆಳಗೆ ಆಡಿಟ್ ಸ್ಕಾಟ್ಲೆಂಡ್ ಅನ್ನೋ ಸಂಸ್ಥೆ, ಅವರ ರಿಪೋರ್ಟು ಪಾರ್ಲಿಮೆಂಟಿನ ಪಬ್ಲಿಕ್ ಆಡಿಟ್ ಕಮಿಟಿಗೆ ಹೋಗತ್ತೆ, ಕಮಿಟಿ ಅಧಿಕಾರಿಗಳನ್ನ ಕರೆಸಿ ಕೂರಿಸಿ ಕೇಳತ್ತೆ, ಅದನ್ನ ನೀವು ಮನೇಲಿ ಕೂತು ಲೈವ್ ನೋಡ್ಬೋದು. ರಿಪೋರ್ಟುಗಳು ತುಂಬ ಚೆನ್ನಾಗಿರತ್ವೆ, ಅರ್ಥ ಆಗೋ ಭಾಷೇಲಿ ಬರೀತಾರೆ. ಆದ್ರೆ ಆಡಿಟ್ ಬರೋದು ದುಡ್ಡು ಹೋದ್ಮೇಲೆ. ನನ್ನ ಮಟ್ಟಿಗೆ ಇಡೀ ಸಮಸ್ಯೆ ಇರೋದು ಇಲ್ಲೇ.

ದ್ವೀಪಗಳಿಗೆ ಜನ, ಗಾಡಿ ಸಾಗಿಸೋ ಫೆರಿ ಹಡಗಿನ ಕಥೆ ತಗೊಳ್ಳಿ, ನೀವೂ ಅರ್ಧಂಬರ್ಧ ಕೇಳಿರ್ತೀರಿ. ಪೋರ್ಟ್ ಗ್ಲಾಸ್ಗೋದಲ್ಲಿರೋ ಫರ್ಗುಸನ್ ಶಿಪ್‌ಯಾರ್ಡ್ 2014ರಲ್ಲಿ ದಿವಾಳಿ ಆಯ್ತು. ಒಂದು ಕಾಲಕ್ಕೆ ಕ್ಲೈಡ್ ನದಿ ಉದ್ದಕ್ಕೂ ಹಡಗು ಕಟ್ಟೋರೇ ತುಂಬಿದ್ರು, ವಾಣಿಜ್ಯ ಹಡಗು ಕಟ್ಟೋದ್ರಲ್ಲಿ ಉಳಿದಿದ್ದು ಇದೊಂದೇ ಯಾರ್ಡು. ಅದನ್ನ ಉಳಿಸ್ಬೇಕು ಅನ್ನೋ ಆಸೆ ಸುಳ್ಳಲ್ಲ, ಆ ಊರಿನ ಜನರ ಜೊತೆ ಮಾತಾಡಿದ್ರೆ ಗೊತ್ತಾಗತ್ತೆ, ಅಜ್ಜ ಅಪ್ಪ ಮಗ ಮೂರು ತಲೆಮಾರು ಅಲ್ಲೇ ದುಡಿದ ಮನೆಗಳಿವೆ. ಹೊಸ ಮಾಲೀಕರು ಬಂದ್ರು, 2015ರಲ್ಲಿ ಎರಡು ಫೆರಿ ಕಟ್ಟೋ 97 ಮಿಲಿಯನ್ ಪೌಂಡಿನ ಕಾಂಟ್ರಾಕ್ಟ್ ಸಿಕ್ತು, ಎರಡೂ 2018ರಲ್ಲಿ ಬರಬೇಕಿತ್ತು. ಯಾರ್ಡು ಹಡಗು ಕಟ್ಟಿ ಒಪ್ಪಿಸೋಕೆ ಆಗ್ದಿದ್ರೆ ಪೂರ್ತಿ ದುಡ್ಡು ವಾಪಸ್ ಅನ್ನೋ ರೀಫಂಡ್ ಗ್ಯಾರಂಟಿ ಈ ವ್ಯವಹಾರದಲ್ಲಿ ಮಾಮೂಲು, ಅದನ್ನ ಯಾರ್ಡು ಕೊಡಲಿಲ್ಲ. ಹಡಗು ಕೊಳ್ಳೋ ಸರ್ಕಾರಿ ಸಂಸ್ಥೆ ಇದು ಅಪಾಯ ಅಂತ ಹೇಳ್ತು. ಆದ್ರೂ ಸಹಿ ಬಿತ್ತು. ಯಾಕಂದ್ರೆ ಗೆದ್ದೋರು ಇವರೇ ಅಂತ ಅದಕ್ಕೆ ಮುಂಚೆನೇ ಯಾರ್ಡಿನಲ್ಲೇ ನಿಂತು ಸಾರ್ವಜನಿಕವಾಗಿ ಘೋಷಣೆ ಮಾಡಿ ಆಗಿತ್ತು, ಘೋಷಣೆ ಆದ್ಮೇಲೆ ಹಿಂದೆ ಸರಿಯೋದು ಯಾವ ಸರ್ಕಾರಕ್ಕೂ ಕಷ್ಟ.

2017ರಲ್ಲಿ ಮೊದಲ ಹಡಗು ಗ್ಲೆನ್ ಸ್ಯಾನಾಕ್ಸ್ ನೀರಿಗಿಳಿಸೋ ಸಮಾರಂಭ ಆಯ್ತು, ಹಡಗಿನ ಕೆಲಸ ಮುಗಿದಿರ್ಲಿಲ್ಲ, ಕಿಟಕಿ ಇರಬೇಕಾದ ಜಾಗಕ್ಕೆ ಪೇಂಟ್ ಹೊಡೆದಿದ್ರು. ಕೆಲಸದ ಹಂತ ನೋಡಿ ಬಿಲ್ ಕೊಡೋ ಪದ್ಧತಿ ಇತ್ತು, ಆದ್ರೆ ಹಂತಗಳನ್ನ ಬರ್ದಿದ್ದ ರೀತಿ ಹೇಗಿತ್ತು ಅಂದ್ರೆ 97ರಲ್ಲಿ 80 ಮಿಲಿಯನ್‌ಗೂ ಜಾಸ್ತಿ ಪಾವತಿ ಆದ್ಮೇಲೂ ಹಡಗು ಮುಗಿಯೋದು ಎಷ್ಟೋ ದೂರ ಇತ್ತು. ಅದರ ಮೇಲೆ ಸರ್ಕಾರ 45 ಮಿಲಿಯನ್ ಸಾಲ ಬೇರೆ ಕೊಡ್ತು. 2019ರಲ್ಲಿ ಯಾರ್ಡು ಮತ್ತೆ ಮುಳುಗ್ತು, ಸರ್ಕಾರನೇ ಕೊಂಡ್ಕೊಳ್ತು. ಗ್ಲೆನ್ ಸ್ಯಾನಾಕ್ಸ್ ಪ್ರಯಾಣಿಕರನ್ನ ಹತ್ತಿಸ್ಕೊಂಡು ಹೊರಟಿದ್ದು 2025ರ ಜನವರಿಲಿ. ಎರಡೂ ಹಡಗಿನ ಒಟ್ಟು ಖರ್ಚು ಮೊದಲ ಬೆಲೆಯ ಮೂರು ಪಟ್ಟು ದಾಟಿದೆ. 2022ರ ಮಾರ್ಚಲ್ಲಿ ಬಂದ ಆಡಿಟ್ ರಿಪೋರ್ಟಿನಲ್ಲಿ ನನ್ನನ್ನ ಕಾಡಿದ್ದು ಈ ಮೊತ್ತ ಅಲ್ಲ, ಇಷ್ಟು ಅಪಾಯ ಗೊತ್ತಿದ್ದೂ ಮಂತ್ರಿಗಳು ಯಾಕೆ ಒಪ್ಪಿದ್ರು ಅನ್ನೋದಕ್ಕೆ ಸಾಕಷ್ಟು ದಾಖಲೆ ಇಲ್ಲ ಅಂತ ಬರ್ದಿದ್ದ ಮಾತು. ಎರಡು ತಿಂಗಳಾದ್ಮೇಲೆ ಒಂದು ಇಮೇಲ್ ಸಿಕ್ತು ಅಂತ ಹೊರಗೆ ಬಿಟ್ರು. ಹತ್ತು ಸಾವಿರದ ವೋಚರ್ ಇಲ್ಲ ಅಂದ್ರೆ ನಮ್ಮ ಆಫೀಸಲ್ಲಿ ತಿಂಗಳ ಲೆಕ್ಕ ಕ್ಲೋಸ್ ಮಾಡಕ್ಕೆ ಬಿಡಲ್ಲ. ಇಲ್ಲಿ ನೂರು ಮಿಲಿಯನ್ನಿನ ತೀರ್ಮಾನಕ್ಕೆ ಕಾಗದ ಹುಡುಕಬೇಕಾಯ್ತು.

ಮತ್ತೆ ಜಾಬ್ ಲೆಕ್ಕ. ಯಾರ್ಡಿನ ಗೇಟೊಳಗೆ ಉಳಿದ ಕೆಲಸ ಎಲ್ಲರೂ ಎಣಿಸ್ತಾರೆ, ಕ್ಯಾಮೆರಾ ಅಲ್ಲಿಗೇ ಹೋಗತ್ತೆ. ಫೆರಿ ಬರ್ದೆ ದ್ವೀಪಗಳಲ್ಲಿ ಹೋದ ಕೆಲಸ? 2023ರ ಜೂನಲ್ಲಿ ಸೌತ್ ಯೂಇಸ್ಟ್ ದ್ವೀಪಕ್ಕೆ ಹೋಗೋ ಫೆರಿ ಹೆಚ್ಚುಕಮ್ಮಿ ಇಡೀ ತಿಂಗಳು ರದ್ದು ಮಾಡಿದ್ರು, ಟೂರಿಸ್ಟ್ ಸೀಸನ್ನಲ್ಲಿ, ನೂರಾರು ಜನ ಕಾರು ವ್ಯಾನು ಲಾರಿ ತಗೊಂಡು ಬಂದರಿಗೆ ಬಂದು ಪ್ರತಿಭಟನೆ ಮಾಡಿದ್ರು. ಹೋಟೆಲ್ ನಡೆಸೋರು, ಮೀನು ಕಳಿಸೋರು, ಬಿಲ್ಡರ್‌ಗಳು, ಇವರದ್ದೂ ಲೋಕಲ್ ಜಾಬೇ ಅಲ್ವಾ, ಆದ್ರೆ ಯಾವ ಪ್ರೆಸ್ ನೋಟಲ್ಲೂ ಆ ಮೈನಸ್ ಬರಲ್ಲ. ಅದಕ್ಕೇ ಯಾರಾದ್ರೂ 'ಇಷ್ಟು ಕೆಲಸ ಉಳಿಸಿದೀವಿ' ಅಂದ್ರೆ ನಾನು ಮೊದಲು ಕೇಳೋದು, ಎಷ್ಟು ವರ್ಷಕ್ಕೆ, ಯಾರು ಎಣಿಸಿದ್ದು, ಬೇರೆ ಕಡೆ ಎಷ್ಟು ಹೋಯ್ತು.

ಪೂರ್ವ ಕರಾವಳಿಯ ಫೈಫ್‌ನಲ್ಲಿ ಆಗಿದ್ದೂ ಹೇಳ್ಬಿಡ್ತೀನಿ. ಮೆಥಿಲ್ ಮತ್ತೆ ಬರ್ಂಟೈಲೆಂಡಲ್ಲಿ ಬೈಫ್ಯಾಬ್ ಅಂತ ಕಂಪನಿ, ಸಮುದ್ರದ ವಿಂಡ್ ಟರ್ಬೈನ್‌ಗೆ ಬೇಕಾದ ದೊಡ್ಡ ದೊಡ್ಡ ಸ್ಟೀಲ್ ಚೌಕಟ್ಟು ಮಾಡ್ತಿದ್ರು. ಸರ್ಕಾರ 37.4 ಮಿಲಿಯನ್ ಪೌಂಡ್ ಹಾಕ್ತು. ಅದೇ ಕರಾವಳಿ ಎದುರಿಗೇ ವಿಂಡ್ ಫಾರ್ಮ್ ಬರ್ತಿದ್ರೂ ಬೇಕಾದಷ್ಟು ಆರ್ಡರ್ ಇವರಿಗೆ ಬರಲಿಲ್ಲ, 2020ರ ಡಿಸೆಂಬರಲ್ಲಿ ಕಂಪನಿ ಬಿದ್ದೋಯ್ತು. ಫೋರ್ಟ್ ವಿಲಿಯಂ ಅಲ್ಯುಮಿನಿಯಂ ಕಾರ್ಖಾನೆ ವಿಷಯದಲ್ಲಂತೂ 2016ರಲ್ಲಿ ಸರ್ಕಾರ, ಕಾರ್ಖಾನೆ ಕೊಡಬೇಕಾದ ದುಡ್ಡು ಕೊಡದಿದ್ರೆ ನಾವು ಕೊಡ್ತೀವಿ ಅಂತ 25 ವರ್ಷದ ಗ್ಯಾರಂಟಿ ಕೊಟ್ಟಿತ್ತು, ಮೊತ್ತ 500 ಮಿಲಿಯನ್‌ಗೂ ಮೀರಿದ್ದು ಅಂತ ಜನಕ್ಕೆ ಗೊತ್ತಾಗೋಕೆ ವರ್ಷಗಟ್ಟಲೆ ಹಿಡೀತು. ಕಾರಿನ ಅಲಾಯ್ ವೀಲ್ ಮಾಡೋ ಹೊಸ ಫ್ಯಾಕ್ಟರಿ ಬರತ್ತೆ ಅಂದಿದ್ರು, ಅದು ಬರಲೇ ಇಲ್ಲ. ಹಳೇ ಅಲ್ಯುಮಿನಿಯಂ ಕಾರ್ಖಾನೆ ಉಳೀತು, ಅಲ್ಲಿನ ಕೆಲಸ ಉಳೀತು, ಅದು ನಿಜ, ಅದನ್ನೂ ಹೇಳ್ಬೇಕು.

ಈಗ ನೀವು ಏನ್ ಮಾಡ್ಬೋದು. ಇಲ್ಲಿ 2014ರ ಒಂದು ಖರೀದಿ ಕಾನೂನು ಇದೆ, ಅದರ ಪ್ರಕಾರ 4 ಮಿಲಿಯನ್ ಪೌಂಡ್ ಅಥವಾ ಅದಕ್ಕಿಂತ ದೊಡ್ಡ ಸಾರ್ವಜನಿಕ ಟೆಂಡರ್ ಕರೆಯೋವಾಗ 'ಕಮ್ಯೂನಿಟಿ ಬೆನಿಫಿಟ್' ಷರತ್ತು ಹಾಕಬೇಕಾ ಅಂತ ಯೋಚ್ನೆ ಮಾಡ್ಲೇಬೇಕು, ಅಂದ್ರೆ ಸ್ಥಳೀಯರಿಗೆ ಟ್ರೈನಿಂಗ್, ಕೆಲಸ, ಸಣ್ಣ ಕಂಪನಿಗಳಿಗೆ ಸಬ್‌ಕಾಂಟ್ರಾಕ್ಟ್ ಇಂಥವು, ಬೇಡ ಅಂತ ಬಿಟ್ರೆ ಯಾಕೆ ಬೇಡ ಅಂತ ಟೆಂಡರ್ ನೋಟಿಸಲ್ಲೇ ಬರೀಬೇಕು. ಆ ನೋಟಿಸುಗಳು ಪಬ್ಲಿಕ್ ಕಾಂಟ್ರಾಕ್ಟ್ಸ್ ಸ್ಕಾಟ್ಲೆಂಡ್ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ನೋಡ್ಬೋದು. ದುಡ್ಡು ಹೋಗೋಕೆ ಮುಂಚೆ ಕೇಳೋ ಅವಕಾಶ ಅಂದ್ರೆ ಇದು. 25,000 ಪೌಂಡ್ ಮೀರಿದ ಖರ್ಚಿನ ಪಟ್ಟಿನೂ ಸರ್ಕಾರ ಹಾಕತ್ತೆ, ಓದೋಕೆ ಬೋರು, ಆದ್ರೆ ಓದಿ.

ಇನ್ನು ಎಫ್‌ಓಐ, ನಮ್ಮ ಆರ್‌ಟಿಐ ತರಾನೇ, 2005ರ ಜನವರಿಯಿಂದ ಇದೆ. ಒಂದು ಇಮೇಲ್ ಸಾಕು, ನಿಮ್ಮ ಹೆಸರು ಇರಬೇಕು, ಕಾರಣ ಹೇಳ್ಬೇಕಾಗಿಲ್ಲ, ಸಾಮಾನ್ಯವಾಗಿ ದುಡ್ಡೂ ಕೇಳಲ್ಲ, 20 ವರ್ಕಿಂಗ್ ಡೇಲಿ ಉತ್ತರ ಕೊಡ್ಬೇಕು. ನನ್ನ ಅನುಭವ ಹೇಳ್ತೀನಿ. ನಮ್ಮೂರಲ್ಲಿ ಒಂದು ಘಟಕಕ್ಕೆ ಒಂದು ಸಾರ್ವಜನಿಕ ಸಂಸ್ಥೆ ಗ್ರಾಂಟ್ ಕೊಟ್ಟಿತ್ತು, ಉದ್ಘಾಟನೆ ದಿನ ಊರಿಗೆ ಊರೇ ಅಲ್ಲಿತ್ತು, ಪಕ್ಕದ ಮನೆ ಹುಡುಗ ದೂರದ ಕೆಲಸ ಬಿಟ್ಟು ಅಲ್ಲಿ ಸೇರ್ದ, ಅವರಮ್ಮ ನನ್ನ ಹತ್ರ ಬಂದು ಮಗ ಇನ್ನು ಇಲ್ಲೇ ಇರ್ತಾನೆ ಅಂತ ಖುಷಿಯಿಂದ ಹೇಳ್ಕೊಂಡಿದ್ರು. ಮೂರು ವರ್ಷಕ್ಕೆ ಅರ್ಧ ಶೆಡ್ಡು ಖಾಲಿ, ಆ ಹುಡುಗನ್ನೂ ಕಳಿಸಿದ್ರು. ನಾನು ನಾಲ್ಕು ಪ್ರಶ್ನೆ ಕಳಿಸ್ದೆ: ಗ್ರಾಂಟ್ ಎಷ್ಟು, ಎಷ್ಟು ಕೆಲಸ ಅಂತ ಬರವಣಿಗೇಲಿ ಒಪ್ಪಿದ್ರು, ಈಗ ಎಷ್ಟಿದೆ, ಕೆಲಸ ಕೊಡ್ದಿದ್ರೆ ದುಡ್ಡು ವಾಪಸ್ ಅನ್ನೋ ಷರತ್ತು ಇದ್ಯಾ. ಮೊದಲ ಉತ್ತರದಲ್ಲಿ ಮೊತ್ತ ಮಾತ್ರ ಕೊಟ್ರು, ಉಳಿದಿದ್ದು ಕಮರ್ಷಿಯಲ್ ಗುಟ್ಟು ಅಂದ್ರು. ಇಲ್ಲಿಗೆ ಬಿಟ್ಬಿಡ್ತಾರೆ ಹೆಚ್ಚಿನವರು, ನೀವು ಬಿಡ್ಬೇಡಿ. 40 ವರ್ಕಿಂಗ್ ಡೇ ಒಳಗೆ ಅದೇ ಸಂಸ್ಥೆಗೆ 'ರಿವ್ಯೂ ಮಾಡಿ' ಅಂತ ಬರೀರಿ, ಅದೂ ಸರಿ ಹೋಗ್ಲಿಲ್ಲ ಅಂದ್ರೆ ಸ್ಕಾಟಿಷ್ ಇನ್ಫರ್ಮೇಷನ್ ಕಮಿಷನರ್‌ಗೆ ಅಪೀಲ್. ನನಗೆ ರಿವ್ಯೂನಲ್ಲೇ ಬಂತು. ಒಪ್ಪಿದ್ದು ಅರವತ್ತು ಕೆಲಸ. ಈಗ ಎಷ್ಟು ಅನ್ನೋದಕ್ಕೆ, ಆ ಮಾಹಿತಿ ನಮ್ಮ ಹತ್ರ ಇಲ್ಲ ಅಂದ್ರು. ಮೊದಲ ವರ್ಷ ಆದ್ಮೇಲೆ ಯಾರೂ ಹೋಗಿ ಎಣಿಸಿರಲೇ ಇಲ್ಲ! ಆ ರಾತ್ರಿ ನನಗೆ ನಿಜವಾಗ್ಲೂ ನಿದ್ದೆ ಬರಲಿಲ್ಲ, ಸಿಟ್ಟಿಗಿಂತ ಜಾಸ್ತಿ ಆ ತಾಯಿ ಮುಖ ಕಣ್ಮುಂದೆ ಬರ್ತಿತ್ತು.

ಆ ಕಾಗದನ ನಾನು ಎಂಟು ಜನಕ್ಕೆ ಕಳಿಸ್ದೆ. ಎಂಟು ಯಾಕೆ ಅಂದ್ರೆ, ಇಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಕ್ಷೇತ್ರದ ಎಂಎಸ್‌ಪಿ, ಅಂದ್ರೆ ಸ್ಕಾಟ್ಲೆಂಡ್ ಪಾರ್ಲಿಮೆಂಟಿನ ಸದಸ್ಯ, ಜೊತೆಗೆ ಪ್ರದೇಶದ ಪಟ್ಟಿಯಿಂದ ಬಂದ ಏಳು ಜನ. ಇದು ಹೊಸಬರಿಗೆ ಗೊತ್ತೇ ಇರಲ್ಲ. ಆಳೋ ಪಕ್ಷದವರು ಉತ್ತರ ಕೊಡ್ಲಿಲ್ಲ ಅಂದ್ರೂ ಏಳೆಂಟು ಜನರಲ್ಲಿ ವಿರೋಧ ಪಕ್ಷದವರು ಇದ್ದೇ ಇರ್ತಾರೆ. ಇಬ್ಬರು ಉತ್ತರ ಬರೆದ್ರು, ಒಬ್ರು ಪಾರ್ಲಿಮೆಂಟಲ್ಲಿ ಲಿಖಿತ ಪ್ರಶ್ನೆ ಹಾಕಿದ್ರು, ಅದಕ್ಕೆ ಸಾಮಾನ್ಯವಾಗಿ 10 ವರ್ಕಿಂಗ್ ಡೇಲಿ ಮಂತ್ರಿ ಉತ್ತರ ಕೊಡ್ತಾರೆ, ಅದು ಶಾಶ್ವತವಾಗಿ ದಾಖಲೆಲಿ ಇರತ್ತೆ. ಹುಡುಗನಿಗೆ ಕೆಲಸ ವಾಪಸ್ ಬರಲಿಲ್ಲ. ಆದ್ರೆ ಆ ಸಂಸ್ಥೆ ಇನ್ಮುಂದೆ ಗ್ರಾಂಟ್ ಅವಧಿ ಮುಗಿಯೋವರೆಗೂ ಪ್ರತಿ ವರ್ಷ ತಲೆ ಎಣಿಸ್ತೀವಿ ಅಂತ ಬರೆದು ಕೊಡ್ತು.

ಒಂದು ಎಚ್ಚರಿಕೆ. ಎಡಿನ್‌ಬರಾದವರನ್ನ ಕೇಳಿದ್ರೆ ಲಂಡನ್ ದುಡ್ಡು ಕೊಡಲ್ಲ ಅಂತಾರೆ, ಲಂಡನ್ನವರನ್ನ ಕೇಳಿದ್ರೆ ಅದು ಎಡಿನ್‌ಬರಾ ಜವಾಬ್ದಾರಿ ಅಂತಾರೆ. ಕಾರ್ಮಿಕ ಕಾನೂನು, ವೀಸಾ ಲಂಡನ್ನಿಂದು. ಉದ್ಯಮಕ್ಕೆ ಗ್ರಾಂಟ್, ಫೆರಿ, ಆಸ್ಪತ್ರೆ, ಶಾಲೆ ಇಲ್ಲಿಂದು. ಪ್ರಶ್ನೆ ಸರಿಯಾದ ವಿಳಾಸಕ್ಕೆ ಹೋಗ್ಲಿ.

ಹಾಂ, ವೋಟು! ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡೇ, ಇಲ್ಲಿ ಕಾನೂನುಬದ್ಧವಾಗಿ ಇದ್ರೆ, ಸ್ಕಾಟ್ಲೆಂಡ್ ಪಾರ್ಲಿಮೆಂಟ್ ಚುನಾವಣೇಲಿ ವೋಟ್ ಹಾಕ್ಬೋದು. ನಾನು ಬಂದ ಮೂರು ವರ್ಷ ರಿಜಿಸ್ಟರೇ ಮಾಡ್ಸಿರ್ಲಿಲ್ಲ, ಯಾರೂ ಹೇಳಿರ್ಲಿಲ್ಲ. ಇವತ್ತೇ ಮಾಡ್ಸಿ.

ನಿಮ್ಮ ಮನೆ ಹತ್ರದ ಫ್ಯಾಕ್ಟರಿ ಬಗ್ಗೆ ಕೇಳಿದ್ರಲ್ಲ, ಅದಕ್ಕೆ ಗ್ರಾಂಟ್ ಕೊಟ್ಟ ಸಂಸ್ಥೆ ಯಾವುದು ಅಂತ ಮೊದಲು ಪತ್ತೆ ಮಾಡಿ, ನನ್ನ ಆ ನಾಲ್ಕು ಪ್ರಶ್ನೆನೇ ಕಳಿಸಿ, ಜೊತೆಗೆ ಐದನೇದು ಸೇರಿಸಿ: ಈ ಗ್ರಾಂಟ್ ಕೊಡೋ ತೀರ್ಮಾನ ಆದ ದಿನದ ಮೀಟಿಂಗ್ ಟಿಪ್ಪಣಿ ಕೊಡಿ ಅಂತ. ಉತ್ತರ ಬಂದಾಗ ಏನಾದ್ರೂ ಅರ್ಥ ಆಗ್ಲಿಲ್ಲ ಅಂದ್ರೆ ಇಲ್ಲೇ ಹಾಕಿ, ಕೂತು ಓದೋಣ.