ಕಂಪ್ಯೂಟರ್ ಪ್ರಶ್ನೋತ್ತರ: ಗಡಿಯಾರ ಎಷ್ಟು ತಪ್ಪಿದೆ, ಮೊದಲು ಅದನ್ನು ನೋಡಿ

ಪ್ರಶ್ನೆ: ಅಂಗಡಿಯ ಡೆಸ್ಕ್‌ಟಾಪ್‌ನಲ್ಲಿ ದಿನಾ ಬೆಳಿಗ್ಗೆ ತಾರೀಕು ಯಾವುದೋ ಹಳೆಯ ವರ್ಷಕ್ಕೆ ಹೋಗಿರುತ್ತದೆ. ಬ್ಯಾಂಕಿನ ಸೈಟು, ಜಿಎಸ್‌ಟಿ ಪೋರ್ಟಲ್ ಯಾವುದೂ ತೆರೆಯುವುದಿಲ್ಲ. ಸರಿಮಾಡಿದರೆ ರಾತ್ರಿಯವರೆಗೆ ಚೆನ್ನಾಗಿರುತ್ತದೆ. ವಿಂಡೋಸ್ ಮತ್ತೆ ಹಾಕಿಸಬೇಕೇ? (ಶಿರಸಿ)

ಉತ್ತರ: ಬೇಡ. ಮದರ್‌ಬೋರ್ಡ್ ಮೇಲಿನ ಸೆಲ್ ಮುಗಿದಿದೆ, ಅಷ್ಟೇ. ಗೋಡೆಯ ಸ್ವಿಚ್ ಆನ್ ಇರುವಷ್ಟು ಹೊತ್ತು ಗಡಿಯಾರಕ್ಕೆ ಎಸ್‌ಎಂಪಿಎಸ್‌ನಿಂದಲೇ (ಡಬ್ಬಿಯೊಳಗಿನ ಪವರ್ ಸಪ್ಲೈ) ಕರೆಂಟ್ ಸಿಗುತ್ತದೆ. ಶಟರ್ ಎಳೆಯುವಾಗ ಮೇನ್ ಆಫ್ ಮಾಡಿದಿರೋ, ಸೆಲ್ ಒಂದೇ ಅದನ್ನು ನಡೆಸಬೇಕು. ವೆಬ್‌ಸೈಟ್‌ಗಳ ಭದ್ರತಾ ಸರ್ಟಿಫಿಕೇಟ್‌ಗೆ ಆರಂಭ ಮತ್ತು ಮುಕ್ತಾಯದ ದಿನಾಂಕ ಇರುತ್ತದೆ. ಕಂಪ್ಯೂಟರ್ ಹಳೆಯ ವರ್ಷದಲ್ಲಿದ್ದರೆ ಆ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ ಎಂದು ಬ್ರೌಸರ್ ತಡೆಯುತ್ತದೆ. ಆ ಎಚ್ಚರಿಕೆಯನ್ನು ದಾಟಿಕೊಂಡು ಬ್ಯಾಂಕಿನ ಸೈಟಿಗೆ ಹೋಗಬೇಡಿ.

ಬೇಕಾದದ್ದು ಸಿಆರ್2032, 3 ವೋಲ್ಟ್ ಸೆಲ್. ನೋಡಲು ಹಾಗೇ ಇರುವ ಸಿಆರ್2025 ತೆಳ್ಳಗಿರುವುದರಿಂದ ಸಡಿಲವಾಗಿ ಕೂರುತ್ತದೆ. ರೀಚಾರ್ಜ್ ಆಗುವ ಎಲ್‌ಐಆರ್2032 ಹಾಕಲೇಬಾರದು, ಅದರ ವೋಲ್ಟೇಜ್ ಜಾಸ್ತಿ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ಕರೆಂಟ್ ಇಳಿಸಿ. ಹೋಲ್ಡರ್ ಪಕ್ಕದ ಕ್ಲಿಪ್ ಸರಿಸಿದರೆ ಸೆಲ್ ಮೇಲೇಳುತ್ತದೆ. ಮಲ್ಟಿಮೀಟರ್‌ನಲ್ಲಿ 2.7ಕ್ಕಿಂತ ಕಡಿಮೆ ಬಂದರೆ ಅನುಮಾನವೇ ಬೇಡ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ. ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಡಬಹುದು.

ಆನ್ ಮಾಡುತ್ತಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್ ಪರದೆ) ಹೋಗಿ ತಾರೀಕು, ಸಮಯ ಕೂರಿಸಿ. ಇದನ್ನು ಬಿಟ್ಟು ‘ಇಂಟರ್ನೆಟ್‌ನಿಂದ ತಾನೇ ಸರಿಹೋಗುತ್ತದೆ’ ಎಂದುಕೊಳ್ಳುವವರೇ ಹೆಚ್ಚು. ಮನೆ, ಅಂಗಡಿಯ ವಿಂಡೋಸ್‌ನಲ್ಲಿ ವ್ಯತ್ಯಾಸ 15 ಗಂಟೆ ದಾಟಿದ್ದರೆ ಟೈಮ್ ಸರ್ವಿಸ್ ಸಾಮಾನ್ಯವಾಗಿ ತಿದ್ದಲು ಒಪ್ಪುವುದಿಲ್ಲ. ಕೈಯಾರೆ ಹತ್ತಿರಕ್ಕೆ ತಂದ ಮೇಲೆ ಸೆಟ್ಟಿಂಗ್ಸ್‌ನ ‘ಡೇಟ್ ಆ್ಯಂಡ್ ಟೈಮ್’ನಲ್ಲಿ ‘ಸಿಂಕ್ ನೌ’ ಒತ್ತಿ. ಹಳೆಯ ತಾರೀಕಿನಲ್ಲಿ ಬಿಲ್ ಹೊಡೆದಿದ್ದರೆ ಅವನ್ನೂ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಸಮಯ ಸರಿಯಾಗೇ ಕಾಣುತ್ತದೆ. ಆದರೆ ಜನವರಿಯಲ್ಲಿ ಬೆಳಿಗ್ಗೆ 10ಕ್ಕೆ ಔಟ್‌ಲುಕ್‌ನಿಂದ ಕಳಿಸಿದ ಮೇಲ್, ಪಡೆದವರಲ್ಲಿ ರಾತ್ರಿ 11:30 ಎಂದು ಬಂದಿದೆ. (ತುಮಕೂರು)

ಉತ್ತರ: ಹದಿಮೂರೂವರೆ ಗಂಟೆ ಎಂದರೆ ಟೈಮ್ ಝೋನ್ ಅಮೆರಿಕದ ಪೆಸಿಫಿಕ್‌ನಲ್ಲೇ ಉಳಿದಿದೆ, ಮುಳ್ಳನ್ನು ಮಾತ್ರ ಯಾರೋ ಕೈಯಿಂದ ತಿರುಗಿಸಿದ್ದಾರೆ. (ಅಲ್ಲಿ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ಆಗ ಹನ್ನೆರಡೂವರೆ.) ಮೊದಲು ಝೋನ್ ಪಟ್ಟಿಯಲ್ಲಿ ಯುಟಿಸಿ+05:30 (ಯುಟಿಸಿ ಎಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ), ‘ಚೆನ್ನೈ, ಕೋಲ್ಕತಾ, ಮುಂಬೈ, ನ್ಯೂ ಡೆಲ್ಲಿ’ ಆರಿಸಿ, ಆಮೇಲೆ ಸಿಂಕ್ ಮಾಡಿ. ಝೋನ್ ಬದಲಿಸದೆ ಸಿಂಕ್ ಒತ್ತಿದರೆ ಕ್ಯಾಲಿಫೋರ್ನಿಯಾದ ಸಮಯ ಬಂದು ಕೂರುತ್ತದೆ.

ಪ್ರಶ್ನೆ: ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್ ಜೊತೆ ಉಬುಂಟು (ಇನ್ನೊಂದು ಆಪರೇಟಿಂಗ್ ಸಿಸ್ಟಂ) ಇದೆ. ಉಬುಂಟು ಬಳಸಿ ವಿಂಡೋಸ್‌ಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ. (ಧಾರವಾಡ)

ಉತ್ತರ: ಉಬುಂಟು ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದುತ್ತದೆ. ಉಬುಂಟುವಿನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಗೆ ಸೆಟ್-ಲೋಕಲ್-ಆರ್‌ಟಿಸಿ 1 ಸೇರಿಸಿ ಕೊಡಿ (timedatectl set-local-rtc 1). ಅದು ಒಂದು ಎಚ್ಚರಿಕೆ ತೋರಿಸುತ್ತದೆ. ಮುಖ್ಯವಾಗಿ ಬೇಸಿಗೆ ಸಮಯ ಬದಲಾಗುವ ದೇಶಗಳಲ್ಲಿ ತೊಂದರೆ, ನಮ್ಮಲ್ಲಿ ಆ ಪದ್ಧತಿ ಇಲ್ಲ. ಆಮೇಲೆ ವಿಂಡೋಸ್‌ನಲ್ಲಿ ಒಮ್ಮೆ ಸಿಂಕ್ ಮಾಡಿದರೆ ಸಾಕು.