ಅದು ಕಸ ಅಲ್ಲ, ಅದೂ ಬುದ್ಧನ ದಾರಿಯೇ

ಪ್ರಿಯ ಓದುಗರೇ,

ಹಾಸನದಿಂದ ನೀವು ಬರೆದ ಪತ್ರ ಸಿಕ್ಕಿತು. ‘ಬುದ್ಧ ದೇವರನ್ನು ಒಪ್ಪಲಿಲ್ಲ. ಹಾಗಿದ್ದ ಮೇಲೆ ಅವನು ಹೇಳಿದ್ದು ತತ್ವಜ್ಞಾನ ಅಷ್ಟೇ ಅಲ್ವಾ? ವಿಗ್ರಹ, ಪೂಜೆ, ಮಂತ್ರ ಎಲ್ಲ ಆಮೇಲೆ ಸೇರಿಕೊಂಡ ಕಸ’ ಎಂದಿದ್ದೀರಿ. ಆ ‘ಕಸ’ ಅನ್ನುವ ಮಾತು ಮನಸ್ಸಿಗೆ ಚುಚ್ಚಿತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಲೋಕವನ್ನು ಸೃಷ್ಟಿಸಿದ ದೇವರನ್ನು ಬುದ್ಧ ಒಪ್ಪಲಿಲ್ಲ, ನಿಜ. ಆದರೆ ಧರ್ಮ ಅನ್ನಲು ಅಂಥ ದೇವರು ಬೇಕೇ ಬೇಕಾ? ಶ್ರವಣಬೆಳಗೊಳ ನಿಮ್ಮ ಜಿಲ್ಲೆಯಲ್ಲೇ ಇದೆ. ಜೈನರೂ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ಹಾಗಂತ ಮಸ್ತಕಾಭಿಷೇಕಕ್ಕೆ ಬೆಟ್ಟ ಹತ್ತುವ ಜನರನ್ನು ನೋಡಿ ‘ಇದು ಬರೀ ತತ್ವಜ್ಞಾನ’ ಎಂದು ಯಾರೂ ಹೇಳುವುದಿಲ್ಲ.

ಮಾಲುಂಕ್ಯಪುತ್ತ ಎಂಬ ಭಿಕ್ಷು ಒಮ್ಮೆ ಪಟ್ಟು ಹಿಡಿದ. ಲೋಕಕ್ಕೆ ಕೊನೆ ಇದೆಯೋ ಇಲ್ಲವೋ ಹೇಳಿ, ಇಲ್ಲದಿದ್ದರೆ ಭಿಕ್ಷುಗಳ ಸಂಘ ಬಿಡುತ್ತೇನೆ ಅಂದ. ಬುದ್ಧ ಉತ್ತರ ಕೊಡಲಿಲ್ಲ. ಮೈಗೆ ವಿಷದ ಬಾಣ ನಾಟಿದವನು, ಹೊಡೆದವನ ಜಾತಿ ಯಾವುದು, ಊರು ಯಾವುದು, ಬಿಲ್ಲು ಎಂಥದ್ದು ಎಂದು ತಿಳಿಯುವ ತನಕ ಬಾಣ ಕೀಳಿಸಿಕೊಳ್ಳುವುದಿಲ್ಲ ಅಂದರೆ ಸತ್ತೇ ಹೋಗುತ್ತಾನೆ ಎಂದ. ಬರೀ ತತ್ವಜ್ಞಾನಿಯಾಗಿದ್ದರೆ ಆ ಪ್ರಶ್ನೆಯನ್ನು ಸುಮ್ನೆ ಬಿಡುತ್ತಿದ್ದನೇ? ಅವನಿಗೆ ಬೇಕಿದ್ದದ್ದು ಜನ ಬದುಕುವ ರೀತಿ ಬದಲಾಗುವುದು. ಸಂಘ ಕಟ್ಟಿದ್ದು ಅದಕ್ಕೇ. ಶ್ರೀಲಂಕಾ, ಥಾಯ್ಲೆಂಡ್ ಕಡೆಯ ಥೇರವಾದ ಪಂಥದ ಭಿಕ್ಷುಗಳಿಗೆ ಇವತ್ತಿಗೂ 227 ನಿಯಮಗಳಿವೆ. ಹುಣ್ಣಿಮೆ, ಅಮಾವಾಸ್ಯೆಗೆ ಒಟ್ಟಿಗೆ ಕೂತು ಅವನ್ನು ಹೇಳುತ್ತಾರೆ.

ಅಂಬೇಡ್ಕರ್ ಅವರನ್ನು ನೆನೆಯಿರಿ. ಧಮ್ಮವನ್ನು, ಅಂದರೆ ಬುದ್ಧನ ಬೋಧನೆಯನ್ನು, ‘ರಿಲಿಜನ್’ ಅನ್ನಲು ಅವರೂ ಒಪ್ಪಲಿಲ್ಲ. ಒಬ್ಬನೇ ಇರುವವನಿಗೆ ಧಮ್ಮ ಬೇಡ, ಇಬ್ಬರು ಒಟ್ಟಿಗೆ ಬಾಳುವಾಗ ಬೇಕು ಅಂದರು. ಆದರೂ ಪುಸ್ತಕ ಬರೆಯುವುದಷ್ಟೇ ಸಾಕು ಅಂದುಕೊಳ್ಳಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ತಾವೇ ಮೊದಲು ಭಿಕ್ಷುವಿನಿಂದ ತ್ರಿಶರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣು), ಪಂಚಶೀಲ (ಐದು ನಡತೆಯ ವ್ರತ) ತೆಗೆದುಕೊಂಡರು. ಆಮೇಲೆ ಲಕ್ಷಾಂತರ ಜನರಿಗೆ ದೀಕ್ಷೆ ಕೊಟ್ಟು 22 ಪ್ರತಿಜ್ಞೆ ಮಾಡಿಸಿದರು. ಊರಾಚೆ ಇಟ್ಟಿದ್ದ ಜನಕ್ಕೆ ಬರೀ ವಿಚಾರ ಸಾಲದು, ಒಟ್ಟಿಗೆ ನಿಲ್ಲುವ ಒಂದು ಜಾಗವೂ ಬೇಕಿತ್ತು. ನನ್ನ ಮಟ್ಟಿಗೆ ಇದು ಧರ್ಮವೇ. ಪ್ರಶ್ನೆ ಕೇಳುವವನನ್ನು ಹೊರಗೆ ಕಳಿಸದ ಧರ್ಮ.

ಬೈಲಕುಪ್ಪೆಯ ಟಿಬೆಟನ್ ಬೌದ್ಧರ ಸೆರಾ ಮಠದಲ್ಲಿ ಒಂದು ಸಂಜೆ ಕೂತಿದ್ದೆ. ಹುಡುಗ ಭಿಕ್ಷುಗಳ ವಾದ ನಡೆದಿತ್ತು. ನಿಂತವನು ಪ್ರಶ್ನೆ ಹಾಕಿ, ಕಾಲು ಅಪ್ಪಳಿಸಿ, ಕೂತವನ ಮುಖದ ಮುಂದೆ ಚಟ್ ಎಂದು ಚಪ್ಪಾಳೆ ತಟ್ಟುತ್ತಿದ್ದ. ಕೂತವನು ತಡವರಿಸಿದರೆ ಸುತ್ತಲಿದ್ದವರೆಲ್ಲ ಕೂಗುತ್ತಿದ್ದರು. ಅಲ್ಲೇ ಪಕ್ಕದಲ್ಲಿ ಒಬ್ಬ ಟಿಬೆಟನ್ ಅಜ್ಜಿ ಮಣಿಚಕ್ರ (ಮಂತ್ರ ಬರೆದ ಪ್ರಾರ್ಥನಾ ಚಕ್ರ) ತಿರುಗಿಸುತ್ತಾ ತುಟಿ ಅಲ್ಲಾಡಿಸುತ್ತಿದ್ದರು. ವಾದ ಮುಗಿಸಿದ ಹುಡುಗ, ಇನ್ನೂ ಬೆವರುತ್ತಿದ್ದವನು, ಒಳಗೆ ಹೋಗಿ ಬುದ್ಧನ ಮುಂದೆ ಮೂರು ಸಲ ಅಡ್ಡಬಿದ್ದ.

ನಿಮಗೆ ಅದು ದೂರವೇನಲ್ಲ. ಬೈಲಕುಪ್ಪೆಯ ಚಿನ್ನದ ಗುಡಿಯ ಫೋಟೊ ತೆಗೆದು ವಾಪಸಾಗಬೇಡಿ, ವಾದದ ಹೊತ್ತಿಗೆ ಸೆರಾಕ್ಕೆ ಹೋಗಿ ಒಂದು ಗಂಟೆ ಕೂತಿರಿ. ಬಂದು ಮತ್ತೆ ಬರೆಯಿರಿ, ಕಾಯುತ್ತೇನೆ.

– ಸಂಪಾದಕ