ರೂಮಿನ ಅಡ್ವಾನ್ಸ್ ಕಳಿಸುವ ಮೊದಲು

ನೀವು ಕೇಳಿದ್ದು ಮೂರು ವಿಷಯ. ಸೆಪ್ಟೆಂಬರ್‌ನಲ್ಲಿ ಎಂಎಸ್‌ಸಿ ಓದಲು ಬೆಂಗಳೂರಿನ ವಿಜಯನಗರದಿಂದ ಮ್ಯಾಂಚೆಸ್ಟರ್‌ಗೆ ಹೊರಟಿದ್ದೀರಿ, ಅಲ್ಲಿ ಜೀವನ ಹೇಗಿರುತ್ತದೆ? ಒಂದು ರೂಮ್ ಸಿಕ್ಕಿದೆ, ಮೂರು ತಿಂಗಳ ಬಾಡಿಗೆ ಈಗಲೇ ಕಳಿಸಿ ಅನ್ನುತ್ತಿದ್ದಾರೆ, ಕಳಿಸಬಹುದಾ? ವಾಟ್ಸಾಪ್ ಗುಂಪಿನಲ್ಲಿ ಸಿಕ್ಕ ಕನ್ನಡದವರೊಬ್ಬರು ಇಲ್ಲಿ ರೂಪಾಯಿ ತಗೊಂಡು ಅಲ್ಲಿ ಪೌಂಡ್ ಕೊಡುತ್ತಾರಂತೆ, ಬ್ಯಾಂಕಿಗಿಂತ ಒಳ್ಳೆ ರೇಟು, ನಂಬಬಹುದಾ?

ಜೀವನ ಚೆನ್ನಾಗಿರುತ್ತದೆ. ಮಳೆಗೂ ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಆಗುವ ಕತ್ತಲೆಗೂ ಒಗ್ಗಿಕೊಳ್ಳುತ್ತೀರಿ. ಸಾರಿನ ಪುಡಿ ಜಾಸ್ತಿ ತಗೊಂಡು ಹೋಗಿ. ಉಳಿದ ಎರಡಕ್ಕೂ ನನ್ನ ಉತ್ತರ ಒಂದೇ, "ಬೇಡ". 12 ವರ್ಷದ ಹಿಂದೆ ನಾನೇ ಕಳಿಸಿ ಕೈ ಸುಟ್ಟುಕೊಂಡವನು.

ಆಗ ಹನುಮಂತನಗರದ ಮನೆಯಲ್ಲಿ ಕೂತು ಲೆಸ್ಟರ್‌ನಲ್ಲಿ ರೂಮ್ ಹುಡುಕುತ್ತಿದ್ದೆ. ಫೋಟೋದಲ್ಲಿ ಬಿಸಿಲು ಬೀಳುವ ಕಿಟಕಿ, ಬಿಳಿ ಮಂಚ. ಮಾಲೀಕರು ಕೆಲಸದ ಮೇಲೆ ಸ್ಪೇನ್‌ನಲ್ಲಿದ್ದಾರಂತೆ, ದುಡ್ಡು ಬಂದ ಕೂಡಲೇ ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತದಂತೆ. ಮೂರು ತಿಂಗಳ ಬಾಡಿಗೆ ಅಂದಾಗ ನನಗೆ ಅನುಮಾನವೇ ಬರಲಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ನೋಡಿ ಬೆಳೆದ ಬೆಂಗಳೂರಿನವರು ನಾವು. ಮೂರೇ ತಿಂಗಳಾ, ಪರವಾಗಿಲ್ವಲ್ಲ ಅನ್ನಿಸಿತ್ತು! ಅವರು ಹೇಳಿದ ಹೆಸರಿಗೆ, ಅವರು ಹೇಳಿದ ದಾರಿಯಲ್ಲೇ ಕಳಿಸಿದೆ. ಲೆಸ್ಟರ್‌ಗೆ ಹೋಗಿ ಸೂಟ್‌ಕೇಸ್ ಎಳೆದುಕೊಂಡು ಆ ವಿಳಾಸಕ್ಕೆ ಹೋದರೆ, ಮನೆ ನಿಜವಾಗಿಯೂ ಇತ್ತು. ಬಾಗಿಲು ತೆರೆದ ಅಜ್ಜಿ ನನ್ನ ಸೂಟ್‌ಕೇಸ್ ನೋಡಿ, "ಈ ತಿಂಗಳಲ್ಲಿ ನೀನು ಎರಡನೆಯವನು ಮಗಾ" ಅಂದರು. ಟೀ ಕೊಟ್ಟರು. ದುಡ್ಡು ಹೋಯಿತು.

ಇಂಗ್ಲೆಂಡಿನ ಲೆಕ್ಕ ಬೇರೆ. ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ಕೇಳುವಂತಿಲ್ಲ. 2019ರ ಕಾನೂನು ಅದು. ರೂಮ್ ಹಿಡಿದಿಡಲು ಕೇಳುವ ಮೊತ್ತ ಒಂದು ವಾರದ ಬಾಡಿಗೆ ಮೀರಬಾರದು. ಸಾಮಾನ್ಯ ಬಾಡಿಗೆ ಮನೆಯಾದರೆ ಮಾಲೀಕರು ನಿಮ್ಮ ಡಿಪಾಸಿಟ್ಟನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯಲ್ಲಿ ಇಡಬೇಕು. ಯಾವ ಯೋಜನೆಯಲ್ಲಿ ಇಡುತ್ತೀರಿ ಅಂತ ಕೇಳಿ ನೋಡಿ, ಕಳ್ಳರು ಅಲ್ಲೇ ತಡವರಿಸುತ್ತಾರೆ. ಮನೆ ಯಾರ ಹೆಸರಿನಲ್ಲಿದೆ ಅಂತ ಅಲ್ಲಿನ ಲ್ಯಾಂಡ್ ರಿಜಿಸ್ಟ್ರಿಯಲ್ಲಿ 7 ಪೌಂಡ್ ಕೊಟ್ಟು ನೋಡಬಹುದು. ನಮ್ಮಲ್ಲಿ ಆಸ್ತಿಯ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿದ ಹಾಗೆ, ಕೂತಲ್ಲೇ ಆಗುತ್ತದೆ. ವಿಡಿಯೋ ಕಾಲ್ ಮಾಡಿ, ಕಿಟಕಿ ತೆಗೆದು ಬೀದಿ ತೋರಿಸಿ ಅನ್ನಿ. ಇದೆಲ್ಲಕ್ಕಿಂತ ಸುಲಭ ಏನೆಂದರೆ, ಮೊದಲ ಎರಡು ವಾರ ಯೂನಿವರ್ಸಿಟಿ ಹಾಸ್ಟೆಲ್‌ನಲ್ಲೋ ಪರಿಚಯದವರ ಮನೆಯಲ್ಲೋ ಇದ್ದು, ರೂಮನ್ನು ಕಣ್ಣಾರೆ ನೋಡಿ ದುಡ್ಡು ಕೊಡುವುದು.

ಈಗ ಆ ಒಳ್ಳೆ ರೇಟಿನ ವಿಷಯಕ್ಕೆ ಬರುತ್ತೇನೆ. ನನಗೆ ಜಾಸ್ತಿ ಭಯ ಇದರದ್ದೇ. ಪರದೇಶದಲ್ಲಿ "ಊಟ ಆಯ್ತಾ?" ಅಂತ ಯಾರಾದರೂ ಕೇಳಿದರೆ ಸಾಕು, ನಮ್ಮ ಮನಸ್ಸು ಕರಗುತ್ತದೆ. ಆ ವ್ಯಕ್ತಿ ದುಡ್ಡು ತಗೊಂಡು ಮಾಯವಾಗಬಹುದು, ಅದು ಸಣ್ಣ ಅಪಾಯ. ದೊಡ್ಡದು ಏನೆಂದರೆ, ಅವರು ನಿಜವಾಗಿಯೂ ಪೌಂಡ್ ಹಾಕಬಹುದು. ಆ ಪೌಂಡ್ ಇನ್ಯಾರೋ ಕಳಕೊಂಡ ದುಡ್ಡಾಗಿದ್ದರೆ? ಅಲ್ಲಿನ ಬ್ಯಾಂಕು ನಿಮ್ಮ ಅಕೌಂಟ್ ಮುಚ್ಚುತ್ತದೆ. ಕಳ್ಳದುಡ್ಡು ಸಾಗಿಸಲು ಅಕೌಂಟ್ ಕೊಟ್ಟವರು ಅಂತ ಸಿಫಾಸ್ ಎಂಬ ವಂಚನೆ ತಡೆ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಸೇರಿದರೆ ಆರು ವರ್ಷ ಅಲ್ಲೇ ಇರುತ್ತದೆ. ಹೊಸ ಅಕೌಂಟ್, ಸಾಲ, ಮೊಬೈಲ್ ಕಾಂಟ್ರ್ಯಾಕ್ಟ್ ಎಲ್ಲಕ್ಕೂ ಪರದಾಟ. ಇದನ್ನೇ ತಿರುಗಿಸಿ, ನೀವು ಅಲ್ಲಿ ಪೌಂಡ್ ಕೊಟ್ಟು ಇಲ್ಲಿ ಅಪ್ಪನ ಅಕೌಂಟ್‌ಗೆ ರೂಪಾಯಿ ಹಾಕಿಸಿಕೊಂಡರೂ ಅಷ್ಟೇ. ಯಾವುದೋ ಊರಿನ ಸೈಬರ್ ದೂರಿಗೆ ಅಪ್ಪನ ಅಕೌಂಟ್ ಫ್ರೀಜ್ ಆಗುತ್ತದೆ. ಪಾಪ, ಅವರು ಬ್ಯಾಂಕಿಗೂ ಠಾಣೆಗೂ ಅಲೆಯಬೇಕು. ಅದೂ ಅಲ್ಲದೆ ಇದಕ್ಕೆ ಹವಾಲಾ ಅಂತ ಹೆಸರು, ವಿದೇಶಿ ವಿನಿಮಯದ ಫೆಮಾ ಕಾಯ್ದೆ ಒಪ್ಪುವುದಿಲ್ಲ.

ಟಿಸಿಎಸ್, ಅಂದರೆ ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ಮೊದಲೇ ಹಿಡಿಯುವ ತೆರಿಗೆ, ಉಳಿಯುತ್ತದೆ ಅಂತಲೂ ಆಸೆ ಹುಟ್ಟಿಸುತ್ತಾರೆ. ಅದು ಕಳೆದುಹೋಗುವ ದುಡ್ಡಲ್ಲ ಮಾರಾಯರೇ. ಬ್ಯಾಂಕು ಹಿಡಿದುಕೊಂಡರೂ ಅಪ್ಪನ ಆದಾಯ ತೆರಿಗೆ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಕಳಿಸಿದರೆ ಟಿಸಿಎಸ್ ಇಲ್ಲ. ಬ್ಯಾಂಕಿನಿಂದ ತೆಗೆದ ಶಿಕ್ಷಣ ಸಾಲದ ಹಣಕ್ಕೂ ಇಲ್ಲ. ಅಪ್ಪನ ಬ್ಯಾಂಕಿಗೆ ಹೋಗಿ, ಪ್ಯಾನ್ ಕೊಟ್ಟು, ವಿದೇಶಕ್ಕೆ ಹಣ ಕಳಿಸುವ ಎ2 ಫಾರಂ ತುಂಬಿ ಕಳಿಸಿ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಒಬ್ಬರು ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು, ನಿಮಗೆ ಅಷ್ಟು ಬೇಡವೇ ಬೇಡ.

ಫೀಸನ್ನು ಯೂನಿವರ್ಸಿಟಿಯ ಪೋರ್ಟಲ್‌ನಲ್ಲಿ ಮಾತ್ರ ಕಟ್ಟಿ. "ನಾನು ಕಟ್ಟಿಸಿದರೆ ಹತ್ತು ಪರ್ಸೆಂಟ್ ಕಡಿಮೆ" ಅನ್ನುವ ಏಜೆಂಟರು ಸಿಗುತ್ತಾರೆ. ಅವರು ಕದ್ದ ಕಾರ್ಡಿನಲ್ಲಿ ಕಟ್ಟಿ ನಿಮಗೆ ರಸೀದಿ ತೋರಿಸುತ್ತಾರೆ. ಕಾರ್ಡಿನ ನಿಜವಾದ ಮಾಲೀಕರು ದೂರು ಕೊಟ್ಟ ಮೇಲೆ ಆ ಹಣ ವಾಪಸ್ ಹೋಗುತ್ತದೆ, ನಿಮ್ಮ ಫೀಸ್ ಬಾಕಿಯೇ ಉಳಿಯುತ್ತದೆ. ಹಾಗೇ, "ನಮ್ಮ ಅಕೌಂಟ್ ನಂಬರ್ ಬದಲಾಗಿದೆ" ಅಂತ ಮೇಲ್ ಬಂದರೆ ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಮೊದಲೇ ನಿಮ್ಮ ಹತ್ತಿರ ಇದ್ದ ನಂಬರಿಗೆ ಮಾಡಿ.

ಒಂದು ಅಭ್ಯಾಸವನ್ನು ಮಾತ್ರ ಬೆಂಗಳೂರಲ್ಲೇ ಬಿಟ್ಟು ಹೋಗಿ. ದರ್ಶಿನಿಯಲ್ಲಿ ಕಾಫಿಗೆ ಸ್ಕ್ಯಾನ್ ಮಾಡಿದಾಗ ಹೆಸರು ಬರುತ್ತದೆ, ನೋಡಿ ಒತ್ತುತ್ತೀರಿ. ಬ್ರಿಟನ್ನಿನೊಳಗೆ ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸುವಾಗಲೂ ಹೆಸರು ತಾಳೆ ಆಗುತ್ತದಾ ಅಂತ ಆ್ಯಪ್ ಹೇಳುತ್ತದೆ. ದೇಶ ದಾಟುವ ಹಣಕ್ಕೆ ಆ ಭರವಸೆ ಇಟ್ಟುಕೊಳ್ಳಬೇಡಿ. ಅಲ್ಲಿ 2024ರ ಅಕ್ಟೋಬರ್ 7ರಿಂದ ಮೋಸ ಹೋಗಿ ಕಳಿಸಿದ ಹಣವನ್ನು 85,000 ಪೌಂಡ್‌ವರೆಗೆ ಬ್ಯಾಂಕುಗಳು ವಾಪಸ್ ಕೊಡಬೇಕೆಂಬ ನಿಯಮ ಬಂದಿದೆ. ಆದರೆ ಅದು ಬ್ರಿಟನ್ನಿನ ಅಕೌಂಟ್‌ಗಳ ನಡುವೆ ಮಾತ್ರ. ವಿಜಯನಗರದಿಂದ ಮ್ಯಾಂಚೆಸ್ಟರ್‌ಗೆ ಹೋದ ದುಡ್ಡಿಗೆ ಅನ್ವಯಿಸುವುದಿಲ್ಲ.

ಮುಂದೆ ನೀವು ಮನೆಗೆ ಕಳಿಸುವ ಕಾಲ ಬಂದಾಗ ವಿದೇಶದಲ್ಲಿರುವವರು ಇಲ್ಲಿನ ಬ್ಯಾಂಕಿನಲ್ಲಿ ಇಟ್ಟುಕೊಳ್ಳುವ ಎನ್‌ಆರ್‌ಇ ಅಕೌಂಟ್ ತೆರೆಯಿರಿ. ಮೊದಲ ಸಲ ಹತ್ತು ಪೌಂಡ್ ಕಳಿಸಿ, ತಲುಪಿತಾ ಅಂತ ಕೇಳಿ, ಆಮೇಲೆ ಉಳಿದದ್ದು. ನಾನು ಈಗಲೂ ಹೊಸ ಅಕೌಂಟ್‌ಗೆ ಹೀಗೇ ಮಾಡುವುದು. ನಮ್ಮ ಅಕ್ಕ ನಗುತ್ತಾಳೆ.

ನಿಮಗಿಂತ ಅಪ್ಪ ಅಮ್ಮನನ್ನು ತಯಾರು ಮಾಡುವುದು ಮುಖ್ಯ. ನೀವು ಹೊರಟ ಮೇಲೆ ಅವರಿಗೆ ಕರೆ ಬರಬಹುದು. ಮಗನನ್ನು ಅಲ್ಲಿ ಪೊಲೀಸರು ಹಿಡಿದಿದ್ದಾರೆ, ಈಗಲೇ ಎರಡು ಲಕ್ಷ ಹಾಕಿ, ಯಾರಿಗೂ ಹೇಳಬೇಡಿ ಅಂತ. ಈಗಂತೂ ನಿಮ್ಮ ದನಿಯನ್ನೇ ನಕಲು ಮಾಡಿ ಅಳುತ್ತಾರೆ. ವಿಡಿಯೋ ಕಾಲ್‌ನಲ್ಲೇ ಬಂಧಿಸಿದ್ದೇವೆ ಅನ್ನುವ ಡಿಜಿಟಲ್ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ ಅಂತ ಅವರಿಗೆ ಬಾಯಿಪಾಠ ಮಾಡಿಸಿ. ದುಡ್ಡು ಹೋದರೆ ಮರುಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಕಳ್ಳರು ಅದನ್ನು ಹತ್ತು ಅಕೌಂಟ್‌ಗೆ ಹಂಚುವ ಮೊದಲೇ ತಡೆಹಿಡಿಯುವ ಅವಕಾಶ ಇರುತ್ತದೆ, ರಾತ್ರಿ ಯೋಚಿಸಿ ಬೆಳಿಗ್ಗೆ ಹೇಳೋಣ ಅಂದರೆ ಆಗುವುದಿಲ್ಲ. ಬ್ರಿಟನ್ನಿನಲ್ಲಿ ಬ್ಯಾಂಕಿನ ಹೆಸರಿನಲ್ಲಿ ಯಾರಾದರೂ ಕರೆ ಮಾಡಿದರೆ ಇಟ್ಟುಬಿಟ್ಟು 159 ಒತ್ತಿ, ಅಲ್ಲಿನ ಹೆಚ್ಚಿನ ಬ್ಯಾಂಕುಗಳಾದರೆ ಅದು ನಿಮ್ಮ ನಿಜವಾದ ಬ್ಯಾಂಕಿಗೆ ಜೋಡಿಸುತ್ತದೆ.

ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆಯನ್ನೂ ಆರಿಸಿಕೊಳ್ಳಿ. ಹುಟ್ಟಿದ ದಿನ, ನಾಯಿಯ ಹೆಸರು ಬೇಡ, ಅವೆಲ್ಲ ಫೇಸ್‌ಬುಕ್‌ನಲ್ಲಿವೆ. ಅಜ್ಜಿ ನಿಮ್ಮನ್ನು ಬೈಯುತ್ತಿದ್ದ ಪದ, ಪಕ್ಕದ ಮನೆಯವರಿಗೆ ನೀವಿಟ್ಟ ಅಡ್ಡಹೆಸರು, ಅಂಥದ್ದು. ಹೋದ ವರ್ಷ ನಾನು ಫೋನ್ ಕಳಕೊಂಡು ಬೇರೆ ನಂಬರಿನಿಂದ ಅಮ್ಮನಿಗೆ ಕರೆ ಮಾಡಿದಾಗ ಅಮ್ಮ ಆ ಪ್ರಶ್ನೆ ಕೇಳಿಯೇ ಬಿಟ್ಟರು. ಗಾಬರಿಯಲ್ಲಿ ನನಗೆ ಉತ್ತರ ನೆನಪಾಗಲಿಲ್ಲ. "ನೀನು ಯಾರಪ್ಪಾ?" ಅಂತ ಕೇಳಿ ಫೋನ್ ಇಟ್ಟರು.